ಕಾಫಿ ಬೀಜ, ಏಲಕ್ಕಿ, ಕರಿಮೆಣಸು: ಲ್ಯಾಕ್ ಆಪೆರಾನನ್ನು ಮೇಜಿನ ಮೇಲಿಟ್ಟು ಕಲಿಯುವ ಕ್ರಮ

ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ ಕಡೆಯ ದ್ವಿತೀಯ ಪಿಯುಸಿ ಮತ್ತು ಬಿಎಸ್‌ಸಿ ವಿದ್ಯಾರ್ಥಿಗಳು ಜೀವಶಾಸ್ತ್ರದಲ್ಲಿ ನನ್ನನ್ನು ಅತಿ ಹೆಚ್ಚು ಬಾರಿ ಕೇಳಿರುವ ಪ್ರಶ್ನೆ ಒಂದೇ: "ಆಪೆರಾನ್ ಚಿತ್ರ ಬಾಯಿಪಾಠವಾಗಿದೆ, ಆದರೆ ಗ್ಲೂಕೋಸೂ ಲ್ಯಾಕ್ಟೋಸೂ ಎರಡೂ ಇದ್ದರೆ ಏನಾಗುತ್ತದೆ ಎಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ, ಏನು ಮಾಡುವುದು?" ಲ್ಯಾಕ್ ಆಪೆರಾನ್ ಎಂದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಬಳಸಲು ಬೇಕಾದ ಬ್ಯಾಕ್ಟೀರಿಯಾದ ಜೀನುಗಳ ಸಾಲು ಮತ್ತು ಅವುಗಳ ನಿಯಂತ್ರಣದ ಜಾಗಗಳು. ಅದರ ಚಿತ್ರವನ್ನು ಬಾಯಿಪಾಠ ಮಾಡಿದ್ದೇ ತೊಂದರೆ ಎಂಬುದು ನನ್ನ ಅಭಿಪ್ರಾಯ. ಪುಸ್ತಕದ ಚಿತ್ರದಲ್ಲಿ ಡಿಎನ್‌ಎಯ ಮೇಲಿನ ಜಾಗಗಳನ್ನೂ ಜೀವಕೋಶದೊಳಗೆ ಓಡಾಡುವ ಪ್ರೋಟೀನುಗಳನ್ನೂ ಒಂದೇ ಬಗೆಯ ಬಣ್ಣದ ಚೌಕಗಳಾಗಿ ಬಿಡಿಸಿರುತ್ತಾರೆ. ಓದುವವರ ತಲೆಯಲ್ಲಿ ಎರಡೂ ಬೆರೆತುಹೋಗುತ್ತವೆ. ಕೆಳಗಿನ ಕ್ರಮದಲ್ಲಿ ಜಾಗಗಳನ್ನು ಪೆನ್ಸಿಲಿನಲ್ಲಿ ಬರೆಯುತ್ತೇವೆ, ಪ್ರೋಟೀನುಗಳನ್ನು ಕೈಯಿಂದ ಎತ್ತಿ ಇಡುತ್ತೇವೆ. ಪೆನ್ಸಿಲ್ ಗೆರೆ ಕದಲುವುದಿಲ್ಲ, ಕಾಳು ಕದಲುತ್ತದೆ. ಈ ಒಂದು ವ್ಯತ್ಯಾಸ ಕೈಗೆ ರೂಢಿಯಾದರೆ ಮುಂದಿನ ಲೆಕ್ಕಗಳೆಲ್ಲ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಹಂತ 1: ಬೇಕಾಗುವ ಸಾಮಾನು

ಎರಡು ಬಿಳಿ ಹಾಳೆ, ಒಂದು ಪೆನ್ಸಿಲ್, ಎರಡು ಮೂರು ಕಾಫಿ ಬೀಜ, ಒಂದೆರಡು ಏಲಕ್ಕಿ, ಏಳೆಂಟು ಕರಿಮೆಣಸು ಕಾಳು, ಒಂದು ಲವಂಗ, ನಾಲ್ಕಾರು ಅಕ್ಕಿ ಕಾಳು. ನಮ್ಮ ಜಿಲ್ಲೆಯ ಯಾವ ಮನೆಯಲ್ಲೂ ಇವುಗಳಿಗೆ ಕೊರತೆಯಿಲ್ಲ. ಜುಲೈ ತಿಂಗಳ ಕರೆಂಟಿಲ್ಲದ ಸಂಜೆಯಲ್ಲೂ ದೀಪದ ಬೆಳಕಿನಲ್ಲಿ ಕೂತು ಮಾಡಬಹುದು. ಕಾಫಿ ಬೀಜ ಸಿಪ್ಪೆ ಬಿಡಿಸಿದ್ದಾಗಿರಲಿ, ಒಂದು ಬದಿ ಚಪ್ಪಟೆಯಾಗಿದ್ದು ನಡುವೆ ಸೀಳಿರುವಂಥದ್ದಾಗಿರಲಿ. ಪೀಬೆರಿ, ಅಂದರೆ ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಗುಂಡು ಬೀಜ, ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಅದು ಗೆರೆಯ ಮೇಲೆ ಕೂರದೆ ಉರುಳುತ್ತದೆ.

ಹಂತ 2: ಗೆರೆ ಎಳೆದು ಜಾಗಗಳನ್ನು ಗುರುತಿಸುವುದು

ಹಾಳೆಯನ್ನು ಅಡ್ಡಲಾಗಿ ಇಟ್ಟು, ಎಡದಿಂದ ಬಲಕ್ಕೆ ಒಂದು ಉದ್ದ ಗೆರೆ ಎಳೆಯಿರಿ. ಇದು ಎಷೆರಿಕಿಯಾ ಕೋಲೈ ಎಂಬ ಬ್ಯಾಕ್ಟೀರಿಯಾದ ಡಿಎನ್‌ಎಯ ಒಂದು ತುಣುಕು. ಎಡ ತುದಿಯಲ್ಲಿ ಒಂದು ಪುಟ್ಟ ಪ್ರೊಮೋಟರ್ ಮತ್ತು ಅದರ ಪಕ್ಕದಲ್ಲಿ ಲ್ಯಾಕ್ ಐ ಎಂಬ ಜೀನನ್ನು ಗುರುತಿಸಿ. ಸ್ವಲ್ಪ ಜಾಗ ಬಿಟ್ಟು, ಎಡದಿಂದ ಬಲಕ್ಕೆ ಕ್ರಮವಾಗಿ ಕ್ಯಾಪ್ ಎಂಬ ನೆರವಿನ ಪ್ರೋಟೀನು ಕೂರುವ ಜಾಗ, ಪ್ರೊಮೋಟರ್, ಆಪರೇಟರ್, ಆಮೇಲೆ ಲ್ಯಾಕ್ ಝಡ್, ಲ್ಯಾಕ್ ವೈ, ಲ್ಯಾಕ್ ಎ ಎಂಬ ಮೂರು ಜೀನುಗಳನ್ನು ಬರೆಯಿರಿ.

ಪದಗಳ ಅರ್ಥ ಇಲ್ಲೇ ತಿಳಿದುಕೊಳ್ಳೋಣ. ಡಿಎನ್‌ಎಯನ್ನು ನೋಡಿಕೊಂಡು ಆರ್‌ಎನ್‌ಎ ಪ್ರತಿ ಬರೆಯುವ ಕೆಲಸಕ್ಕೆ ಪ್ರತಿಲೇಖನ ಎನ್ನುತ್ತಾರೆ. ಅದನ್ನು ಮಾಡುವ ಕಿಣ್ವ ಆರ್‌ಎನ್‌ಎ ಪಾಲಿಮರೇಸ್. ಆ ಕಿಣ್ವ ಬಂದು ಹಿಡಿದುಕೊಳ್ಳುವ ಜಾಗವೇ ಪ್ರೊಮೋಟರ್. ತಡೆಯೊಡ್ಡುವ ಪ್ರೋಟೀನು ಕೂರುವ ಜಾಗ ಆಪರೇಟರ್. ಒಂದೇ ಪ್ರೊಮೋಟರಿನ ಹಿಡಿತದಲ್ಲಿದ್ದು, ಒಂದೇ ಉದ್ದದ ಆರ್‌ಎನ್‌ಎಯಾಗಿ ಬರೆಯಲ್ಪಡುವ ಜೀನುಗಳ ಸಾಲು ಮತ್ತು ಅದರ ನಿಯಂತ್ರಣದ ಜಾಗಗಳು ಸೇರಿ ಆಪೆರಾನ್ ಆಗುತ್ತದೆ.

ಮೂರು ಜೀನುಗಳಲ್ಲಿ ಝಡ್ ಬೀಟಾ-ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವವನ್ನು ಕೊಡುತ್ತದೆ. ಇದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆಯುತ್ತದೆ. ವೈ ಕೊಡುವ ಪರ್ಮಿಯೇಸ್ ಲ್ಯಾಕ್ಟೋಸನ್ನು ಹೊರಗಿನಿಂದ ಜೀವಕೋಶದೊಳಕ್ಕೆ ಎಳೆದುಕೊಳ್ಳುತ್ತದೆ. ಎ ಕೊಡುವ ಟ್ರಾನ್ಸ್‌ಅಸಿಟೈಲೇಸ್ ಇಲ್ಲದಿದ್ದರೂ ಲ್ಯಾಕ್ಟೋಸ್ ಬಳಕೆ ನಡೆಯುತ್ತದೆ, ಆದ್ದರಿಂದ ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ.

ಎಚ್ಚರಿಕೆ: ಲ್ಯಾಕ್ ಐ ಎಂಬುದರಲ್ಲಿರುವ "ಐ"ಯನ್ನು ಇಂಡ್ಯೂಸರ್ (ಆಪೆರಾನನ್ನು ತೆರೆಸುವ ಅಣು) ಎಂದು ಓದಿಕೊಂಡು, ಆ ಜೀನು ಇಂಡ್ಯೂಸರನ್ನು ತಯಾರಿಸುತ್ತದೆ ಎಂದು ಬರೆಯುವವರು ಪ್ರತಿ ವರ್ಷ ಸಿಗುತ್ತಾರೆ. ಅದು ತಯಾರಿಸುವುದು ರಿಪ್ರೆಸರನ್ನು, ಅಂದರೆ ತಡೆಯೊಡ್ಡುವ ಪ್ರೋಟೀನನ್ನು. ಅದಕ್ಕೆ ಸ್ವಂತ ಪ್ರೊಮೋಟರ್ ಇದೆ. ಲ್ಯಾಕ್ಟೋಸ್ ಇರಲಿ ಬಿಡಲಿ, ಅದು ಸದಾ ಸ್ವಲ್ಪ ಸ್ವಲ್ಪವಾಗಿ ಕೆಲಸ ಮಾಡುತ್ತಲೇ ಇರುತ್ತದೆ.

ಹಂತ 3: ಏಲಕ್ಕಿ ಇಡುವುದು

ಏಲಕ್ಕಿ ಎಂದರೆ ಆರ್‌ಎನ್‌ಎ ಪಾಲಿಮರೇಸ್. ಅದನ್ನು ಪ್ರೊಮೋಟರಿನ ಮೇಲಿಟ್ಟು ಬಲಕ್ಕೆ ಜಾರಿಸಿ; ಝಡ್, ವೈ, ಎ ಮೂರನ್ನೂ ದಾಟಿದರೆ ಒಂದು ಆರ್‌ಎನ್‌ಎ ತಯಾರಾಯಿತು.

ಲ್ಯಾಕ್ ಪ್ರೊಮೋಟರ್ ತಾನಾಗಿ ಬಲವಾದುದಲ್ಲ ಎಂಬುದನ್ನು ಈಗಲೇ ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ಪಾಲಿಮರೇಸ್ ಚೆನ್ನಾಗಿ ಹಿಡಿದುಕೊಳ್ಳುವ ಪ್ರೊಮೋಟರುಗಳಲ್ಲಿ, ಪ್ರತಿಲೇಖನ ಆರಂಭವಾಗುವ ಬಿಂದುವಿಗಿಂತ ಸುಮಾರು 10 ಅಕ್ಷರ ಹಿಂದೆ ಟಿಎಟಿಎಎಟಿ ಎಂಬ ಸರಣಿಯೋ ಅದಕ್ಕೆ ಬಹಳ ಹತ್ತಿರದ್ದೋ ಇರುತ್ತದೆ. ಲ್ಯಾಕ್ ಪ್ರೊಮೋಟರಿನಲ್ಲಿ ಅದೇ ಜಾಗದಲ್ಲಿರುವುದು ಟಿಎಟಿಜಿಟಿಟಿ. ಈ ಅಕ್ಷರ ವ್ಯತ್ಯಾಸದಿಂದಾಗಿ ಏಲಕ್ಕಿ ಅಲ್ಲಿ ಭದ್ರವಾಗಿ ಕೂರುವುದಿಲ್ಲ, ಆಗಾಗ ಜಾರಿ ಹೋಗುತ್ತದೆ. ಹಂತ 6ರಲ್ಲಿ ಲವಂಗ ಏಕೆ ಬೇಕು ಎಂಬುದಕ್ಕೆ ಕಾರಣ ಇದೇ.

ಹಂತ 4: ಕಾಫಿ ಬೀಜ ಕೂರಿಸುವುದು

ಕಾಫಿ ಬೀಜ ಎಂದರೆ ಲ್ಯಾಕ್ ರಿಪ್ರೆಸರ್. ಚಪ್ಪಟೆ ಬದಿ ಕೆಳಗೆ ಮಾಡಿ, ಸೀಳು ಸರಿಯಾಗಿ ಪೆನ್ಸಿಲ್ ಗೆರೆಯ ಮೇಲೆ ಬರುವಂತೆ ಆಪರೇಟರಿನ ಮೇಲೆ ಇಡಿ. ಈಗ ಏಲಕ್ಕಿಯನ್ನು ಪ್ರೊಮೋಟರಿನಿಂದ ಬಲಕ್ಕೆ ಜಾರಿಸಲು ನೋಡಿ: ಬೀಜಕ್ಕೆ ತಗಲಿ ನಿಲ್ಲುತ್ತದೆ. ನಿಜವಾದ ಜೀವಕೋಶದಲ್ಲಿ ಆಪರೇಟರ್, ಪ್ರತಿಲೇಖನ ಆರಂಭವಾಗುವ ಬಿಂದುವನ್ನು ಒಳಗೊಂಡಂತೆ, ಪಾಲಿಮರೇಸ್ ಆಕ್ರಮಿಸುವ ಜಾಗದ ಮೇಲೆಯೇ ಭಾಗಶಃ ಹಬ್ಬಿಕೊಂಡಿದೆ.

ಒಂದು ಇ. ಕೋಲೈ ಜೀವಕೋಶದಲ್ಲಿ ಇಂತಹ ರಿಪ್ರೆಸರುಗಳಿರುವುದು ಸುಮಾರು 10 ಮಾತ್ರ. ಪ್ರತಿಯೊಂದೂ ನಾಲ್ಕು ಒಂದೇ ಬಗೆಯ ಪ್ರೋಟೀನು ಸರಪಳಿಗಳ ಕೂಟ. ಒಂದೊಂದು ಸರಪಳಿಯಲ್ಲಿ 360 ಅಮೈನೋ ಆಮ್ಲಗಳು. ಬಿಎಸ್‌ಸಿಯವರು ಇನ್ನೊಂದು ಮಾತು ಸೇರಿಸಿಕೊಳ್ಳಬೇಕು: ಮುಖ್ಯ ಆಪರೇಟರಿನ ಜೊತೆಗೆ ಇನ್ನೆರಡು ಸಹಾಯಕ ಆಪರೇಟರುಗಳಿವೆ, ಒಂದು ಝಡ್ ಜೀನಿನ ಒಳಗೆ, ಇನ್ನೊಂದು ಪ್ರೊಮೋಟರಿನ ಹಿಂದೆ. ನಾಲ್ಕು ಸರಪಳಿಯ ರಿಪ್ರೆಸರ್ ಏಕಕಾಲಕ್ಕೆ ಎರಡು ಆಪರೇಟರುಗಳನ್ನು ಹಿಡಿದು ನಡುವಿನ ಡಿಎನ್‌ಎಯನ್ನು ಕುಣಿಕೆಯಂತೆ ಬಾಗಿಸುವುದರಿಂದ ತಡೆ ಇನ್ನಷ್ಟು ಬಿಗಿಯಾಗುತ್ತದೆ.

ಹಂತ 5: ಮೆಣಸಿನ ಕಾಳಿನಿಂದ ಬೀಜವನ್ನು ಎಬ್ಬಿಸುವುದು

ಕರಿಮೆಣಸು ಎಂದರೆ ಇಂಡ್ಯೂಸರ್, ಅಂದರೆ ಪ್ರೇರಕ. ಒಂದು ಕಾಳನ್ನು ಕಾಫಿ ಬೀಜದ ಅಡಿ ಒಂದು ಬದಿಗೆ ಸಿಕ್ಕಿಸಿ. ಬೀಜ ಓರೆಯಾಗಿ ಎದ್ದು, ಸೀಳು ಗೆರೆಯನ್ನು ಬಿಡುತ್ತದೆ. ಬೆರಳು ತಾಗಿದರೆ ಸಾಕು, ಪಕ್ಕಕ್ಕೆ ಸರಿಯುತ್ತದೆ. ಈಗ ಏಲಕ್ಕಿಗೆ ದಾರಿ ತೆರೆಯಿತು.

ಇಲ್ಲಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು, ಮೆಣಸು ಡಿಎನ್‌ಎಯ ಮೇಲೆ ಕೂತು ಬೀಜವನ್ನು ತಳ್ಳುತ್ತದೆ ಎಂದು ಭಾವಿಸುವುದು. ಮೇಜಿನ ಮೇಲೆ ಹಾಗೆ ಕಾಣುವುದು ನಮ್ಮ ಮಾದರಿಯ ದೋಷ. ಇಂಡ್ಯೂಸರ್ ಡಿಎನ್‌ಎಯನ್ನು ಮುಟ್ಟುವುದೇ ಇಲ್ಲ. ರಿಪ್ರೆಸರಿನಲ್ಲಿ ಡಿಎನ್‌ಎ ಹಿಡಿಯುವ ಭಾಗದಿಂದ ದೂರದಲ್ಲಿರುವ ಬೇರೊಂದು ಗುಳಿಗೆ ಅಂಟಿಕೊಂಡು, ಇಡೀ ಪ್ರೋಟೀನಿನ ಆಕಾರವನ್ನು ಬದಲಿಸುತ್ತದೆ. ಎರಡನೆಯದು, ಲ್ಯಾಕ್ಟೋಸೇ ನೇರವಾಗಿ ಅಂಟುತ್ತದೆ ಎಂಬ ನಂಬಿಕೆ. ಪಿಯುಸಿ ಪಠ್ಯ ಲ್ಯಾಕ್ಟೋಸನ್ನು ಇಂಡ್ಯೂಸರ್ ಎಂದು ಕರೆದು, ಮುಂದೆ ಅಲೋಲ್ಯಾಕ್ಟೋಸಿನ ಹೆಸರನ್ನೂ ಹೇಳುತ್ತದೆ. ಜೀವಕೋಶದೊಳಗೆ ಕೆಲಸ ಮಾಡುವುದು ಅಲೋಲ್ಯಾಕ್ಟೋಸ್. ಬೀಟಾ-ಗ್ಯಾಲಕ್ಟೋಸಿಡೇಸ್ ಲ್ಯಾಕ್ಟೋಸನ್ನು ಒಡೆಯುವಾಗ ಅದರಲ್ಲಿ ಒಂದು ಪಾಲನ್ನು ಮರುಜೋಡಿಸಿ ಅಲೋಲ್ಯಾಕ್ಟೋಸ್ ಮಾಡುತ್ತದೆ. ಪಿಯುಸಿ ಪರೀಕ್ಷೆಯಲ್ಲಿ ಪಠ್ಯದ ಮಾತೇ ಸಾಕು, ಬಿಎಸ್‌ಸಿಯಲ್ಲಿ ಸಾಲದು.

ಚುರುಕು ವಿದ್ಯಾರ್ಥಿಗಳು ಈ ಹಂತದಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ, ಎತ್ತಲೇಬೇಕು. ಲ್ಯಾಕ್ಟೋಸ್ ಒಳಗೆ ಬರಲು ಪರ್ಮಿಯೇಸ್ ಬೇಕು, ಅದು ಅಲೋಲ್ಯಾಕ್ಟೋಸ್ ಆಗಲು ಬೀಟಾ-ಗ್ಯಾಲಕ್ಟೋಸಿಡೇಸ್ ಬೇಕು. ಇವೆರಡೂ ತಯಾರಾಗುವುದು ಆಪೆರಾನ್ ತೆರೆದ ಮೇಲೆ. ಹಾಗಾದರೆ ಮೊದಲ ಲ್ಯಾಕ್ಟೋಸ್ ಕಣ ಒಳಗೆ ಬಂದದ್ದು ಹೇಗೆ? ಉತ್ತರ ತಡೆಯ ಸ್ವಭಾವದಲ್ಲೇ ಇದೆ. ರಿಪ್ರೆಸರ್ ಆಪರೇಟರಿಗೆ ಮೊಳೆ ಹೊಡೆದಂತೆ ಕೂತಿರುವುದಿಲ್ಲ, ಆಗೊಮ್ಮೆ ಈಗೊಮ್ಮೆ ಬಿಟ್ಟು ಮತ್ತೆ ಹಿಡಿಯುತ್ತದೆ. ಆ ಸಣ್ಣ ಬಿಡುವಿನಲ್ಲಿ ಒಂದು ಏಲಕ್ಕಿ ನುಸುಳಿ ಹೋದರೆ ಒಂದೆರಡು ಆರ್‌ಎನ್‌ಎ, ಅದರಿಂದ ಬೆರಳೆಣಿಕೆಯಷ್ಟು ಪರ್ಮಿಯೇಸ್ ಮತ್ತು ಬೀಟಾ-ಗ್ಯಾಲಕ್ಟೋಸಿಡೇಸ್ ಹುಟ್ಟುತ್ತವೆ. ಲ್ಯಾಕ್ಟೋಸ್ ಇಲ್ಲದಾಗ ಅವು ಸುಮ್ಮನಿರುತ್ತವೆ. ಬಂದಾಗ ಬಾಗಿಲು ತೆಗೆಯಲು ಅಷ್ಟೇ ಸಾಕು. ಒಳಬಂದ ಲ್ಯಾಕ್ಟೋಸಿನಿಂದ ಇನ್ನಷ್ಟು ಪರ್ಮಿಯೇಸ್, ಅದರಿಂದ ಇನ್ನಷ್ಟು ಲ್ಯಾಕ್ಟೋಸ್, ಹೀಗೆ ಏರಿಕೆ ವೇಗ ಪಡೆಯುತ್ತದೆ. ಆದ್ದರಿಂದ "ರಿಪ್ರೆಸರ್ ಇದ್ದಾಗ ಪ್ರತಿಲೇಖನ ಸಂಪೂರ್ಣ ನಿಲ್ಲುತ್ತದೆ" ಎಂಬ ವಾಕ್ಯವನ್ನು ನಿಮ್ಮ ಟಿಪ್ಪಣಿಯಿಂದ ಹೊಡೆದುಹಾಕಿ, "ಬಹಳ ಕಡಿಮೆಯಾಗುತ್ತದೆ" ಎಂದು ತಿದ್ದಿಕೊಳ್ಳಿ.

ಹಂತ 6: ಲವಂಗ ಮತ್ತು ಅಕ್ಕಿ ಕಾಳು

ಅಕ್ಕಿ ರೊಟ್ಟಿ ತಟ್ಟೆಯಲ್ಲಿ ಸಿದ್ಧವಿರುವಾಗ ಯಾರೂ ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನಹಣ್ಣು ಬಿಡಿಸಲು ಕೂರುವುದಿಲ್ಲ. ಇ. ಕೋಲೈಗೆ ಗ್ಲೂಕೋಸ್ ಸಿದ್ಧ ರೊಟ್ಟಿ, ಲ್ಯಾಕ್ಟೋಸ್ ಬಿಡಿಸಬೇಕಾದ ಹಣ್ಣು. ಎರಡು ಸಕ್ಕರೆ ಬೆರೆಸಿದ ದ್ರಾವಣದಲ್ಲಿ ಬ್ಯಾಕ್ಟೀರಿಯಾ ಒಮ್ಮೆ ಬೆಳೆದು, ಸ್ವಲ್ಪ ಹೊತ್ತು ನಿಂತು, ಮತ್ತೆ ಬೆಳೆಯುವುದನ್ನು ಫ್ರಾನ್ಸಿನ ಜಾಕ್ ಮೊನೊ 1941ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ವಿವರಿಸಿದ್ದರು. ನಡುವಿನ ಆ ವಿರಾಮ, ಮೊದಲ ಸಕ್ಕರೆ ಮುಗಿದು ಎರಡನೆಯದಕ್ಕೆ ಬೇಕಾದ ಕಿಣ್ವಗಳು ತಯಾರಾಗುವ ಸಮಯ.

ಲವಂಗ ಎಂದರೆ ಕ್ಯಾಪ್ ಎಂಬ ಪ್ರೋಟೀನು; ಇದು ತಡೆಯುವುದಿಲ್ಲ, ನೆರವಾಗುತ್ತದೆ. ಅಕ್ಕಿ ಕಾಳು ಎಂದರೆ ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಸಂಕೇತ ಅಣು. ನಿಯಮ ಹೀಗಿರಲಿ: ಅಕ್ಕಿ ಕಾಳು ಜೊತೆಗಿದ್ದರೆ ಮಾತ್ರ ಲವಂಗವನ್ನು ಪ್ರೊಮೋಟರಿನ ಎಡಕ್ಕಿರುವ ಅದರ ಜಾಗದಲ್ಲಿ ಇಡಬಹುದು. ಲವಂಗ ಕೂತಾಗ ಏಲಕ್ಕಿಗೆ ಆನಿಕೆ ಸಿಗುತ್ತದೆ, ದುರ್ಬಲ ಪ್ರೊಮೋಟರಿನ ಮೇಲೂ ಜಾರದೆ ನಿಲ್ಲುತ್ತದೆ.

ಗ್ಲೂಕೋಸ್ ಇಲ್ಲಿ ಎಲ್ಲಿ ಬರುತ್ತದೆ? ಅನೇಕರು ಗ್ಲೂಕೋಸ್ ಕ್ಯಾಪ್‌ಗೆ ಅಂಟಿ ಅದನ್ನು ಕೆಡಿಸುತ್ತದೆ ಎಂದು ಬರೆಯುತ್ತಾರೆ, ಅದು ತಪ್ಪು. ಗ್ಲೂಕೋಸ್ ಒಳಕ್ಕೆ ಹರಿಯುತ್ತಿರುವಾಗ ಅದನ್ನು ಸಾಗಿಸುವ ವ್ಯವಸ್ಥೆಯ ಒಂದು ಪ್ರೋಟೀನು ತನ್ನ ಫಾಸ್ಫೇಟನ್ನು ಗ್ಲೂಕೋಸಿಗೆ ಕೊಡುತ್ತ ಬರಿಗೈಯಾಗಿರುತ್ತದೆ. ಬರಿಗೈಯಾದ ಆ ಪ್ರೋಟೀನಿನಿಂದ ಎರಡು ಪರಿಣಾಮಗಳು: ಸೈಕ್ಲಿಕ್ ಎಎಂಪಿ ತಯಾರಿಸುವ ಕಿಣ್ವಕ್ಕೆ ಉತ್ತೇಜನ ಸಿಗುವುದಿಲ್ಲ, ಜೊತೆಗೆ ಲ್ಯಾಕ್ಟೋಸ್ ಪರ್ಮಿಯೇಸ್ ಕೂಡ ಅದರ ಹಿಡಿತಕ್ಕೆ ಸಿಕ್ಕಿ ಕೆಲಸ ನಿಲ್ಲಿಸುತ್ತದೆ. ಎರಡನೆಯದಕ್ಕೆ ಇಂಡ್ಯೂಸರ್ ಹೊರಗಿಡುವಿಕೆ ಎನ್ನಬಹುದು. ಪಠ್ಯಗಳು ಮೊದಲನೆಯದನ್ನಷ್ಟೇ ಹೇಳಿ ಮುಗಿಸುತ್ತವೆ. ಲ್ಯಾಕ್ಟೋಸಿಗೆ ಬಾಗಿಲನ್ನೇ ಮುಚ್ಚುವ ಎರಡನೆಯದನ್ನು ಬಿಡಬಾರದು ಎಂದು ನನಗನಿಸುತ್ತದೆ.

ಹಂತ 7: ನಾಲ್ಕು ಸ್ಥಿತಿಗಳನ್ನು ಕೈಯಾರೆ ಮಾಡುವುದು

ಪ್ರತಿ ಬಾರಿಯೂ ಎರಡೇ ಪ್ರಶ್ನೆ, ಇದೇ ಕ್ರಮದಲ್ಲಿ: ಲ್ಯಾಕ್ಟೋಸ್ ಇದೆಯೇ, ಅಂದರೆ ಬೀಜ ಏಳುತ್ತದೆಯೇ? ಗ್ಲೂಕೋಸ್ ಇಲ್ಲವೇ, ಅಂದರೆ ಲವಂಗ ಕೂರುತ್ತದೆಯೇ?

ಗ್ಲೂಕೋಸ್ ಮಾತ್ರ ಇದ್ದರೆ ಬೀಜ ಕೂತಿದೆ, ಲವಂಗವಿಲ್ಲ, ಆಪೆರಾನ್ ಮುಚ್ಚಿದೆ. ಲ್ಯಾಕ್ಟೋಸ್ ಮಾತ್ರ ಇದ್ದರೆ ಬೀಜ ಎದ್ದಿದೆ, ಲವಂಗ ಕೂತಿದೆ. ಕಿಣ್ವದ ಪ್ರಮಾಣ ಮುಚ್ಚಿದ ಸ್ಥಿತಿಗಿಂತ ಸುಮಾರು ಸಾವಿರ ಪಟ್ಟು ಏರುತ್ತದೆ. ಇವೆರಡನ್ನು ಯಾರೂ ತಪ್ಪಿಸುವುದಿಲ್ಲ. ಎರಡೂ ಸಕ್ಕರೆ ಇಲ್ಲದಿದ್ದಾಗ ಲವಂಗ ಕೂತಿದೆ, ಆದರೆ ಬೀಜವೂ ಕೂತಿದೆ. ಏಲಕ್ಕಿಗೆ ಆನಿಕೆ ಸಿಕ್ಕರೂ ದಾರಿಯಿಲ್ಲ, ಆದ್ದರಿಂದ ಮುಚ್ಚಿದ ಸ್ಥಿತಿಯೇ. ಎರಡೂ ಸಕ್ಕರೆ ಇದ್ದಾಗ ದಾರಿಯಿದೆ, ಆನಿಕೆಯಿಲ್ಲ. ಲ್ಯಾಕ್ಟೋಸ್ ಒಳಬರುವುದೂ ಕಡಿಮೆ, ಆದ್ದರಿಂದ ಪ್ರತಿಲೇಖನ ಅಲ್ಪ ಪ್ರಮಾಣದಲ್ಲಿ ನಡೆಯುತ್ತದೆ. ಈ ಕೊನೆಯ ಸ್ಥಿತಿಗೆ "ಶೂನ್ಯ" ಎಂದು ಬರೆದರೂ ತಪ್ಪು, "ಪೂರ್ಣ" ಎಂದು ಬರೆದರೂ ತಪ್ಪು.

ಹಂತ 8: ರೂಪಾಂತರಿ ತಳಿಗಳ ಲೆಕ್ಕ

ರೂಪಾಂತರಿ ತಳಿ ಎಂದರೆ ಡಿಎನ್‌ಎಯಲ್ಲಿ ಯಾವುದಾದರೂ ಜೀನು ಅಥವಾ ಜಾಗ ಕೆಟ್ಟಿರುವ ಬ್ಯಾಕ್ಟೀರಿಯಾ. ಬಿಎಸ್‌ಸಿ ಪ್ರಶ್ನೆಪತ್ರಿಕೆಗಳಲ್ಲಿ ಬರುವ ಇಂತಹ ಲೆಕ್ಕಗಳಿಗೆ ಎರಡನೇ ಹಾಳೆ ತೆಗೆದುಕೊಳ್ಳಿ. ಅದರ ಮೇಲೂ ಹಾಗೆಯೇ ಗೆರೆ ಎಳೆದು ಜಾಗಗಳನ್ನು ಬರೆಯಿರಿ. ಒಂದು ಹಾಳೆ ಬ್ಯಾಕ್ಟೀರಿಯಾದ ವರ್ಣತಂತು, ಇನ್ನೊಂದು ಅದೇ ಜೀವಕೋಶದಲ್ಲಿ ಪ್ರತ್ಯೇಕವಾಗಿರುವ ಪ್ಲಾಸ್ಮಿಡ್ ಎಂಬ ಉಂಗುರ ಡಿಎನ್‌ಎ. ಈಗ ಮೊದಲು ಹೇಳಿದ ವ್ಯತ್ಯಾಸ ಕೆಲಸಕ್ಕೆ ಬರುತ್ತದೆ: ಪೆನ್ಸಿಲಿನಲ್ಲಿ ಬರೆದ ಜಾಗ ಕೆಟ್ಟರೆ ಆ ಹಾಳೆಗೆ ಮಾತ್ರ ನಷ್ಟ, ಕಾಫಿ ಬೀಜ ಯಾವ ಹಾಳೆಯಿಂದ ತಯಾರಾದರೂ ಎರಡೂ ಹಾಳೆಗೆ ಹೋಗಿ ಕೂರಬಲ್ಲದು.

ವರ್ಣತಂತುವಿನ ಹಾಳೆಯಲ್ಲಿ ಐ ಜೀನು ಕೆಟ್ಟಿದೆ, ಝಡ್ ಸರಿಯಿದೆ. ಪ್ಲಾಸ್ಮಿಡ್ ಹಾಳೆಯಲ್ಲಿ ಐ ಸರಿಯಿದೆ, ಝಡ್ ಕೆಟ್ಟಿದೆ ಎಂದುಕೊಳ್ಳಿ. ಪ್ಲಾಸ್ಮಿಡ್ಡಿನಿಂದ ಹುಟ್ಟಿದ ಬೀಜವನ್ನು ಎತ್ತಿ ವರ್ಣತಂತುವಿನ ಆಪರೇಟರಿನ ಮೇಲಿಡಿ. ಜೀವಕೋಶ ಸಹಜವಾಗಿಯೇ ವರ್ತಿಸುತ್ತದೆ: ಲ್ಯಾಕ್ಟೋಸ್ ಇದ್ದಾಗ ಕಿಣ್ವ, ಇಲ್ಲದಾಗ ಇಲ್ಲ.

ಈಗ ಆಪರೇಟರ್ ಕೆಟ್ಟಿರುವ ಲೆಕ್ಕ. ವರ್ಣತಂತುವಿನ ಆಪರೇಟರನ್ನು ಪೆನ್ಸಿಲಿನಿಂದ ಗೀಚಿಬಿಡಿ. ಅಲ್ಲಿ ಬೀಜ ಕೂರಲಾರದು. ಅದೇ ಗೆರೆಯ ಮೇಲಿನ ಝಡ್ ಸರಿಯಿದ್ದರೆ, ಲ್ಯಾಕ್ಟೋಸ್ ಇರಲಿ ಬಿಡಲಿ, ಕಿಣ್ವ ತಯಾರಾಗುತ್ತಲೇ ಇರುತ್ತದೆ. ಪ್ಲಾಸ್ಮಿಡ್ಡಿನಲ್ಲಿ ಒಳ್ಳೆಯ ಆಪರೇಟರ್ ಇದ್ದರೂ ಪ್ರಯೋಜನವಿಲ್ಲ. ಆದರೆ ವರ್ಣತಂತುವಿನ ಝಡ್ ಕೂಡ ಕೆಟ್ಟಿದ್ದು, ಸರಿಯಾದ ಝಡ್ ಪ್ಲಾಸ್ಮಿಡ್ಡಿನ ಒಳ್ಳೆಯ ಆಪರೇಟರಿನ ಪಕ್ಕದಲ್ಲಿದ್ದರೆ, ಜೀವಕೋಶ ಸಹಜ. ಆಪರೇಟರ್ ಕೆಟ್ಟಿದೆ ಎಂದು ಕಂಡ ಕೂಡಲೇ "ಸದಾ ತೆರೆದಿರುತ್ತದೆ" ಎಂದು ಬರೆದು ಅಂಕ ಕಳೆದುಕೊಳ್ಳುವುದು ಇಲ್ಲೇ. ಯಾವ ಹಾಳೆಯ ಝಡ್ ಎಂದು ಮೊದಲು ನೋಡಿ.

ಮೂರನೆಯ ಬಗೆ, ಮೆಣಸನ್ನು ಹಿಡಿಯಲಾರದ ರಿಪ್ರೆಸರ್. ಈ ಬೀಜದ ಅಡಿ ಕಾಳು ಸಿಕ್ಕಿಸಲು ಬರುವುದಿಲ್ಲ, ಅದು ಏಳುವುದೇ ಇಲ್ಲ. ಒಳ್ಳೆಯ ಬೀಜ ಇನ್ನೊಂದು ಹಾಳೆಯಿಂದ ಬಂದರೂ ಈ ಹಟಮಾರಿ ಬೀಜ ಎರಡೂ ಆಪರೇಟರಿನ ಮೇಲೆ ಕೂತುಬಿಡುವುದರಿಂದ ಲ್ಯಾಕ್ಟೋಸ್ ಕೊಟ್ಟರೂ ಕಿಣ್ವ ಹುಟ್ಟದು. ಗೀಚಿದ ಆಪರೇಟರಿನ ಪಕ್ಕದ ಝಡ್ ಮಾತ್ರ ಇದರಿಂದಲೂ ತಪ್ಪಿಸಿಕೊಳ್ಳುತ್ತದೆ.

ಫ್ರಾಂಸ್ವಾ ಜಾಕೋಬ್ ಮತ್ತು ಮೊನೊ ಪ್ಯಾರಿಸಿನಲ್ಲಿ ಇಂತಹ ತಳಿಗಳನ್ನು ಒಂದರ ಜೊತೆ ಒಂದು ಸೇರಿಸಿ ನೋಡಿಯೇ ರಿಪ್ರೆಸರ್ ಇರಬೇಕೆಂದು ತರ್ಕಿಸಿ, 1961ರಲ್ಲಿ ಆಪೆರಾನ್ ಮಾದರಿಯನ್ನು ವಿವರವಾಗಿ ಪ್ರಕಟಿಸಿದರು. 1965ರಲ್ಲಿ ಆಂದ್ರೆ ಲ್ವಾಫ್ ಅವರೊಂದಿಗೆ ನೊಬೆಲ್ ಪಡೆದರು. ಆಗ ರಿಪ್ರೆಸರನ್ನು ಯಾರೂ ಕೈಯಲ್ಲಿ ಹಿಡಿದಿರಲಿಲ್ಲ. ಅದು ಆರ್‌ಎನ್‌ಎ ಇರಬಹುದೆಂದೂ ಅವರು ಊಹಿಸಿದ್ದರು. 1966ರಲ್ಲಿ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನೊ ಮ್ಯೂಲರ್-ಹಿಲ್ ಅದನ್ನು ಬೇರ್ಪಡಿಸಿ ಪ್ರೋಟೀನೆಂದು ತೋರಿಸಿದರು.

ಹಂತ 9: ಟ್ರಿಪ್ ಆಪೆರಾನ್, ನಿಯಮ ತಿರುಗಿಸಿ

ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವನ್ನು ತಯಾರಿಸುವ ಐದು ಜೀನುಗಳ ಆಪೆರಾನ್ ಇದು. ಬೀಜದ ನಿಯಮ ತಿರುಗುಮುರುಗು: ಬರಿಯ ಬೀಜ ಆಪರೇಟರಿನ ಮೇಲೆ ಕೂರುವುದಿಲ್ಲ, ಮೆಣಸು ಸೇರಿದಾಗ ಮಾತ್ರ ಕೂರುತ್ತದೆ. ಇಲ್ಲಿ ಮೆಣಸು ಎಂದರೆ ಟ್ರಿಪ್ಟೊಫ್ಯಾನೇ. ಸರಕು ಸಾಕಷ್ಟಿದ್ದಾಗ ಸರಕೇ ಬಂದು ಕಾರ್ಖಾನೆ ಮುಚ್ಚಿಸುತ್ತದೆ.

ಇದರ ಮೇಲೆ ಅಟೆನ್ಯುಯೇಷನ್ ಎಂಬ ಎರಡನೆಯ ತಡೆಯಿದೆ. ಇದನ್ನು ಬಿಡಿಸಿದವರು ಚಾರ್ಲ್ಸ್ ಯಾನೊಫ್ಸ್ಕಿ ಮತ್ತು ಸಂಗಡಿಗರು. ಬ್ಯಾಕ್ಟೀರಿಯಾದಲ್ಲಿ ಕೋಶಕೇಂದ್ರವಿಲ್ಲದ ಕಾರಣ ಆರ್‌ಎನ್‌ಎ ಇನ್ನೂ ಬರೆಯಲ್ಪಡುತ್ತಿರುವಾಗಲೇ ಪ್ರೋಟೀನು ತಯಾರಿಸುವ ಯಂತ್ರವಾದ ರೈಬೋಸೋಮ್ ಅದರ ಮೇಲೆ ಓದಲು ಆರಂಭಿಸುತ್ತದೆ. ಮೊದಲ ಜೀನಿಗೂ ಮುಂಚೆ 14 ಅಮೈನೋ ಆಮ್ಲಗಳ ಒಂದು ಪುಟ್ಟ ಸರಪಳಿಯ ಸಂದೇಶವಿದೆ, ಅದರಲ್ಲಿ ಎರಡು ಟ್ರಿಪ್ಟೊಫ್ಯಾನ್ ಅಕ್ಕಪಕ್ಕದಲ್ಲಿವೆ. ಟ್ರಿಪ್ಟೊಫ್ಯಾನ್ ಕೊರತೆಯಿದ್ದರೆ ರೈಬೋಸೋಮ್ ಅಲ್ಲಿ ಕಾಯುತ್ತ ನಿಲ್ಲುತ್ತದೆ. ಆರ್‌ಎನ್‌ಎಯ ಈ ಆರಂಭದ ತುಣುಕಿನಲ್ಲಿ ಒಂದಕ್ಕೊಂದು ಜೋಡಿಯಾಗಿ ಮಡಚಿಕೊಳ್ಳಬಲ್ಲ ನಾಲ್ಕು ಭಾಗಗಳಿವೆ. ಆಗ ಅದರ 2ನೇ ಮತ್ತು 3ನೇ ಭಾಗಗಳು ಮಡಚಿಕೊಂಡು ಪಾಲಿಮರೇಸ್ ಮುಂದುವರಿಯುತ್ತದೆ. ಹೇರಳವಾಗಿದ್ದರೆ ರೈಬೋಸೋಮ್ ಸರಾಗವಾಗಿ ದಾಟಿ 2ನೇ ಭಾಗವನ್ನು ಮುಚ್ಚುತ್ತದೆ. 3 ಮತ್ತು 4 ಮಡಚಿಕೊಳ್ಳುತ್ತವೆ, ಪಾಲಿಮರೇಸ್ ಅಲ್ಲಿಗೇ ಕಳಚಿಕೊಳ್ಳುತ್ತದೆ. ಇದನ್ನು ಕಾಳುಗಳಿಂದ ತೋರಿಸಲು ಹೋಗಬೇಡಿ. ಒಂದು ದಾರಕ್ಕೆ ನಾಲ್ಕು ಗಂಟು ಹಾಕಿ ಮಡಚಿ ನೋಡುವುದೇ ಸುಲಭ.

ಮೊಸರಿನಲ್ಲಿ ನಡೆಯುವುದೂ ಲ್ಯಾಕ್ ಆಪೆರಾನೇ ಎಂದು ಬರೆಯಬಹುದೇ ಎಂದು ಹಲವರು ಕೇಳಿದ್ದಾರೆ. ಬರೆಯದಿರುವುದು ಒಳಿತು. ಹೆಪ್ಪಿನಲ್ಲಿ ಸಾಮಾನ್ಯವಾಗಿ ಇರುವ ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್‌ನಲ್ಲೂ ಲ್ಯಾಕ್ಟೋಸಿಗೆ ಆಪೆರಾನ್ ಇದೆ, ಆದರೆ ಅದು ಲ್ಯಾಕ್ಟೋಸನ್ನು ಫಾಸ್ಫೇಟ್ ಸೇರಿಸಿ ಒಳತರುತ್ತದೆ, ಒಡೆಯುವ ಕಿಣ್ವವೂ ಬೇರೆ, ಇಂಡ್ಯೂಸರೂ ಬೇರೆ.

ಹಂತ 10: ಪ್ರಯೋಗಾಲಯವಿದ್ದವರಿಗೆ

ಬಿಎಸ್‌ಸಿ ಪ್ರಯೋಗಾಲಯದಲ್ಲಿ ಅಧ್ಯಾಪಕರ ಸಮ್ಮುಖದಲ್ಲಿ ಮಾತ್ರ ಇದನ್ನು ಮಾಡಿ. ಬೇಕಾಗುವುದು ರೋಗಕಾರಕವಲ್ಲದ ಪ್ರಯೋಗಾಲಯದ ಇ. ಕೋಲೈ ತಳಿ, ಎಲ್‌ಬಿ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ಜೆಲ್ಲಿ), ಐಪಿಟಿಜಿ ಮತ್ತು ಎಕ್ಸ್-ಗ್ಯಾಲ್. ಐಪಿಟಿಜಿ ಎಂದರೆ ರಿಪ್ರೆಸರನ್ನು ಎಬ್ಬಿಸುವ, ಆದರೆ ಕಿಣ್ವದಿಂದ ಒಡೆಯಲ್ಪಡದ ಕೃತಕ ಮೆಣಸು. ಎಕ್ಸ್-ಗ್ಯಾಲ್ ಬಣ್ಣವಿಲ್ಲದ ವಸ್ತು, ಬೀಟಾ-ಗ್ಯಾಲಕ್ಟೋಸಿಡೇಸ್ ಅದನ್ನು ಒಡೆದಾಗ ನೀಲಿಯಾಗುತ್ತದೆ. ಎಕ್ಸ್-ಗ್ಯಾಲ್ ಆಪೆರಾನನ್ನು ತೆರೆಯುವುದಿಲ್ಲ, ತೆರೆದಿದೆಯೇ ಎಂದು ತೋರಿಸುತ್ತದೆ ಅಷ್ಟೇ. ಇವೆರಡರ ಕೆಲಸವನ್ನು ಅದಲುಬದಲು ಮಾಡಬೇಡಿ.

ಅಗಾರ್ ಕೈಗೆ ತಾಳುವಷ್ಟು, ಸುಮಾರು 50 ಡಿಗ್ರಿಗೆ ತಣಿದ ಮೇಲೆ ಇವುಗಳನ್ನು ಬೆರೆಸಿ ಮೂರು ಬಗೆಯ ತಟ್ಟೆ ಹುಯ್ಯಿರಿ: ಎಕ್ಸ್-ಗ್ಯಾಲ್ ಮಾತ್ರ, ಎಕ್ಸ್-ಗ್ಯಾಲ್ ಮತ್ತು ಐಪಿಟಿಜಿ, ಆ ಎರಡರ ಜೊತೆ ಗ್ಲೂಕೋಸ್. ಗಟ್ಟಿಯಾದ ಮೇಲೆ ಬ್ಯಾಕ್ಟೀರಿಯಾ ಹರಡಿ 37 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟರೆ ಮೊದಲ ತಟ್ಟೆಯ ವಸಾಹತುಗಳು, ಅಂದರೆ ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕೆಗಳು, ಬಿಳಿ ಅಥವಾ ತೀರ ಮಸುಕು ನೀಲಿ, ಎರಡನೆಯದರಲ್ಲಿ ಗಾಢ ನೀಲಿ, ಮೂರನೆಯದರಲ್ಲಿ ತಿಳಿ ನೀಲಿಯಾಗಿ ಕಾಣಬೇಕು.

ಯಾವ ತಟ್ಟೆಯೂ ನೀಲಿಯಾಗದಿದ್ದರೆ ಮೊದಲು ತಳಿಯ ಹೆಸರು ನೋಡಿ. ಅನೇಕ ಕಾಲೇಜುಗಳಲ್ಲಿ ಇರುವ ಡಿಎಚ್5 ಆಲ್ಫಾ ತಳಿಯಲ್ಲಿ ಝಡ್ ಜೀನಿನ ಒಂದು ತುಂಡು ಬೇಕೆಂದೇ ತೆಗೆಯಲಾಗಿದೆ. ಆ ತುಂಡನ್ನು ಕೊಡುವ ಪ್ಲಾಸ್ಮಿಡ್ ಇಲ್ಲದೆ ಅದು ಎಂದಿಗೂ ನೀಲಿಯಾಗದು. ನಾನೂ ಒಮ್ಮೆ ಇದನ್ನು ಗಮನಿಸದೆ ಎರಡು ದಿನ ಐಪಿಟಿಜಿಯನ್ನು ದೂರಿದ್ದೇನೆ. ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾಗಿದ್ದರೆ ವಸಾಹತುಗಳು ಸಣ್ಣದಾಗಿದ್ದು ಬಣ್ಣವೂ ತಡವಾಗುತ್ತದೆ. ಬೆಳೆದ ತಟ್ಟೆಗಳನ್ನು ಕೆಲವು ಗಂಟೆ ಫ್ರಿಜ್ಜಿನಲ್ಲಿಟ್ಟರೆ ನೀಲಿ ಗಾಢವಾಗುತ್ತದೆ. ಮೂರೂ ತಟ್ಟೆಗಳನ್ನು ಒಂದೇ ಹೊತ್ತಿನಲ್ಲಿ ನೋಡಿ ಬರೆದುಕೊಳ್ಳಿ, ಏಕೆಂದರೆ ಗ್ಲೂಕೋಸ್ ತಟ್ಟೆಯಲ್ಲಿ ಗ್ಲೂಕೋಸ್ ಮುಗಿಯುತ್ತ ಬಂದಂತೆ ಅದೂ ನೀಲಿಗೆ ತಿರುಗುತ್ತದೆ. ಎಣಿಕೆ ಮುಗಿದ ತಟ್ಟೆಗಳನ್ನು ಆಟೋಕ್ಲೇವಿನಲ್ಲಿ 121 ಡಿಗ್ರಿಯಲ್ಲಿ 20 ನಿಮಿಷ ಇಟ್ಟ ನಂತರವೇ ಕಸಕ್ಕೆ ಹಾಕಬೇಕು.